ಕೃಷ್ಣಾತೀರದ ಗಾನಮುದ್ರಿಕೆಗಳು: ಅವುಗಳ ಸಂಗ್ರಹವೂ ಸಂರಕ್ಷಣೆಯೂ

೧

ಕನ್ನಡನಾಡಿನ ಇತಿಹಾಸಕ್ಕೂ ಸಾಹಿತ್ಯಕ್ಕೂ ಆಧಾರವಾದ ಸಾಮಗ್ರಿಯನ್ನು ಕಲ್ಲು, ತಾಮ್ರ, ಓಲೆ, ಕಾಗದ ಎಂದು ನಾಲ್ಕು ಬಗೆಯಾಗಿ ಎಣಿಸುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧಕ್ಕೆ ಬಂದಾಗ ಈ ನಾಲ್ಕರೊಡನೆ ಐದನೆಯದೊಂದನ್ನು ಸೇರಿಸಬೇಕಾಗುತ್ತದೆ. ಅದು ಅರಗಿನ ತಟ್ಟೆ. ಅಂದರೆ ಗ್ರಾಮಫೋನಿನ ಗಾನಮುದ್ರಿಕೆ. ನಾಟಕದ ಪದಗಳು ಪುಸ್ತಕಗಳಲ್ಲಿ ಅಚ್ಚಾಗಿ ಉಳಿದಿವೆ. ಆದರೆ ಅವನ್ನು ರಂಗದ ಮೇಲೆ ಹೇಗೆ ಹಾಡುತ್ತಿದ್ದರು, ಯಾವ ಅಕ್ಷರವನ್ನು ಎಳೆಯುತ್ತಿದ್ದರು, ಯಾವ ಚರಣವನ್ನು ಬಿಡುತ್ತಿದ್ದರು ಎಂಬುದಕ್ಕೆ ಪುಸ್ತಕವು ಸಾಕ್ಷಿಯಾಗಲಾರದು. ಆ ಸಾಕ್ಷ್ಯವು ಮುದ್ರಿಕೆಯಲ್ಲಿ ಮಾತ್ರ ದೊರೆಯುತ್ತದೆ.

ಶಾಸನವನ್ನು ಓದುವವನು ಲಿಪಿಯನ್ನು ಬಲ್ಲವನಾಗಿರಬೇಕು. ಓಲೆಯನ್ನು ಕಾಯುವವನು ಹುಳುವಿನ ಸ್ವಭಾವವನ್ನು ಬಲ್ಲವನಾಗಿರಬೇಕು. ಹಾಗೆಯೇ ಗಾನಮುದ್ರಿಕೆಯನ್ನು ಆಧಾರವಾಗಿ ಬಳಸಬೇಕೆನ್ನುವವನು ಅದರ ದ್ರವ್ಯ, ಅದರ ವೇಗ, ಅದರ ಮೇಲಿನ ಅಂಕಗಳು ಇವನ್ನು ತಿಳಿದಿರುವುದು ಅವಶ್ಯ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳನ್ನು ಕ್ಷೇತ್ರವಾಗಿ ಇಟ್ಟುಕೊಂಡು ಈ ವಿಷಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಈ ಐದರಲ್ಲಿ ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲ್ಲೂಕುಗಳಾದುದು ಈಚೆಗೆ, ೨೦೧೮ರ ಸುಮಾರಿನಲ್ಲಿ. ಅದಕ್ಕೆ ಹಿಂದೆ ನಿಪ್ಪಾಣಿಯು ಚಿಕ್ಕೋಡಿಗೂ ಕಾಗವಾಡವು ಅಥಣಿಗೂ ಸೇರಿದ್ದುವು. ೧೯೫೬ಕ್ಕೆ ಮೊದಲು ಇಡಿಯ ಭಾಗವು ಮುಂಬಯಿಯ ಆಡಳಿತದಲ್ಲಿದ್ದಿತು. ಸಂಸ್ಥಾನಗಳ ಕಾಲದಲ್ಲಿ ರಾಯಬಾಗವು ಕೊಲ್ಹಾಪುರಕ್ಕೆ ಸೇರಿದ್ದಿತು. ಮಿರಜಿನಿಂದ ಬೆಳಗಾವಿಯ ಕಡೆಗೆ ಬರುವ ರೈಲುದಾರಿಯು ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಇವುಗಳ ಮೂಲಕ ಹಾಯ್ದುಹೋಗುತ್ತದೆ. ಕಾಗವಾಡದಿಂದ ಮಿರಜಿಗೆ ಕೆಲವೇ ಹರದಾರಿ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಒಂದು ಹೊತ್ತಿನ ದಾರಿ. ಸಂಗೀತದ ಚರಿತ್ರೆಯಲ್ಲಿ ಈ ಭೂಗೋಳಕ್ಕೆ ವಿಶೇಷ ಅರ್ಥವುಂಟು.

ಮಿರಜು ತಂಬೂರಿ ಸಿತಾರುಗಳನ್ನು ಮಾಡುವ ಕುಶಲಿಗಳ ಊರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ಅಲ್ಲಿಯೇ ನೆಲೆಸಿದವರು; ೧೯೩೭ರ ಅಕ್ಟೋಬರಿನಲ್ಲಿ ದಕ್ಷಿಣದ ಪ್ರವಾಸದಲ್ಲಿ ನಿಧನರಾದ ಅವರ ನೆನಪಿಗೆ ಮಿರಜಿನ ದರ್ಗಾದಲ್ಲಿ ಪ್ರತಿವರ್ಷವೂ ಗಾನಸೇವೆ ನಡೆದುಬಂದಿದೆ. ಅವರ ಮಗಳು ಹೀರಾಬಾಯಿ ಬಡೋದೇಕರ್ ಹುಟ್ಟಿದುದೂ ಮಿರಜಿನಲ್ಲಿ, ೧೯೦೫ರಲ್ಲಿ. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನರು ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಅವರಲ್ಲಿ ಕಲಿತುದು ಮಿರಜಿನಲ್ಲಿ. ವಿಷ್ಣು ದಿಗಂಬರ ಪಲುಸ್ಕರರು ೧೮೭೨ರಲ್ಲಿ ಹುಟ್ಟಿದ ಕುರುಂದವಾಡವು ಚಿಕ್ಕೋಡಿಯ ನೆರೆಯದು. ಕೊಲ್ಹಾಪುರವು ಅಲ್ಲಾದಿಯಾ ಖಾನರ ಆಸ್ಥಾನ.

ನಾಟಕದ ಕಡೆಗೆ ನೋಡಿದರೂ ಇದೇ ಕೊಡುಕೊಳೆ ಕಾಣುತ್ತದೆ. ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದುದು ಕನ್ನಡನಾಡಿನಿಂದ ಬಂದ ಭಾಗವತ ಮೇಳದ ಆಟವು ಅಲ್ಲಿ ಆದ ಮೇಲೆ. ೧೮೮೦ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಬಳಿಕ ಆ ಮರಾಠಿ ಸಂಗೀತನಾಟಕದ ಪ್ರಭಾವವು ಮರಳಿ ಕನ್ನಡಕ್ಕೆ ಹರಿಯಿತು. ಕೊಣ್ಣೂರಿನ ಕಂಪನಿ, ಶಿರಹಟ್ಟಿಯ ಕಂಪನಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ ಇವೆಲ್ಲವೂ ಆ ಹರಿವಿನಲ್ಲಿ ಬೆಳೆದುವು. ಆದುದರಿಂದ ಇಂಥ ಸೀಮೆಯ ಮನೆಯೊಂದರ ಅಟ್ಟದಲ್ಲಿ ಸಿಕ್ಕುವ ತಟ್ಟೆಗಳ ಕಟ್ಟಿನಲ್ಲಿ ಕನ್ನಡ, ಮರಾಠಿ, ಹಿಂದುಸ್ಥಾನಿ ಮೂರೂ ಕಲೆತಿದ್ದರೆ ಆಶ್ಚರ್ಯವಿಲ್ಲ. ಭಾಷೆಯನ್ನು ಹಿಡಿದು ಅವನ್ನು ಬೇರ್ಪಡಿಸುವುದು ತಪ್ಪಾಗುತ್ತದೆ. ಕನ್ನಡ ಗಾಯಕರು ಮರಾಠಿಯಲ್ಲಿಯೂ ಹಾಡಿದ್ದಾರೆ. ಮರಾಠಿಯೆಂದು ಬದಿಗೆ ತಳ್ಳಿದ ತಟ್ಟೆಯು ಕನ್ನಡ ರಂಗಭೂಮಿಯ ಒಂದು ಮಟ್ಟಿನ ಮೂಲವಾಗಿರಲೂಬಹುದು.

ಮುದ್ರಿಕೆಯು ಈ ನಾಡಿನಲ್ಲಿ ಗುರುವಾಗಿಯೂ ನಡೆದುದುಂಟು. ೧೯೨೪ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕನು ಹಿರಿಯ ಗವಾಯಿಗಳ ತಟ್ಟೆಗಳನ್ನು ಕೇಳಿ ಅವರವರ ಶೈಲಿಯಲ್ಲಿಯೇ ಹಾಡಿ ಸಭೆಗಳನ್ನು ಬೆರಗುಗೊಳಿಸಿದನು. ಕುಮಾರ ಗಂಧರ್ವನೆಂಬ ಹೆಸರು ಆತನಿಗೆ ಬಂದುದು ಆ ಎಳವೆಯಲ್ಲಿಯೇ. ಗದಗಿನ ಸೀಮೆಯ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ರಾಗದ ಠುಮರಿಯ ತಟ್ಟೆಯನ್ನು ಕೇಳಿ, ಆ ಗಾನದ ಬೆನ್ನುಹತ್ತಿ ಮನೆ ಬಿಟ್ಟು ಹೊರಟ ಸಂಗತಿಯು ಪ್ರಸಿದ್ಧವಾಗಿದೆ. ಇದಕ್ಕೆ ಪ್ರತಿಯಾಗಿ ಕೊಲ್ಹಾಪುರದ ಅಲ್ಲಾದಿಯಾ ಖಾನರು ತಮ್ಮ ಕಂಠವನ್ನು ಮುದ್ರಿಸಗೊಡಲಿಲ್ಲ. ಇಬ್ಬರೂ ಸಮಕಾಲೀನರು, ಇಬ್ಬರೂ ಘರಾಣೆಗಳ ಪ್ರವರ್ತಕರು. ಇಂದು ಒಬ್ಬರ ಗಾನವನ್ನು ಕಿವಿಯಿಂದಲೇ ವಿಮರ್ಶಿಸಬಹುದು. ಇನ್ನೊಬ್ಬರದನ್ನು ಶಿಷ್ಯರ ಹಾಡಿಕೆಯಿಂದಲೂ ಕೇಳಿದವರ ಮಾತಿನಿಂದಲೂ ಊಹಿಸಬೇಕು. ಒಂದು ಕಾಲು ಸೇರು ತೂಕದ ತಟ್ಟೆಯು ಇರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟು ಅಂತರ.

೩

೧೮೭೭ರಲ್ಲಿ ಎಡಿಸನ್ನನು ಉರುಳೆಯ ಮೇಲೆ ಧ್ವನಿಯನ್ನು ಹಿಡಿದನು. ಹತ್ತು ವರ್ಷಗಳ ತರುವಾಯ, ೧೮೮೭ರಲ್ಲಿ, ಎಮಿಲ್ ಬರ್ಲಿನರನು ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಹಕ್ಕುಪತ್ರವನ್ನು ಪಡೆದನು. ಭಾರತದಲ್ಲಿ ವ್ಯವಸ್ಥಿತವಾದ ಮುದ್ರಣವು ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬುವನಿಂದ ಆರಂಭವಾಯಿತು. ಅಂದು ಹಾಡಿದವರಲ್ಲಿ ಮುಖ್ಯಳಾದ ಗೌಹರ್ ಜಾನ್ ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡಳು. ಹಾಡಿನ ಕೊನೆಗೆ ಗಾಯಕಿಯು ತನ್ನ ಹೆಸರನ್ನು ಹೇಳುವ ಪದ್ಧತಿಯು ಆ ಕಾಲದ ತಟ್ಟೆಗಳಲ್ಲಿ ಕೇಳಿಬರುತ್ತದೆ. ಮೂಲಪ್ರತಿಗಳು ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ಒತ್ತಲ್ಪಡುತ್ತಿದ್ದುದರಿಂದ, ಭಾಷೆಯರಿಯದ ಕೆಲಸಗಾರರಿಗೆ ಗುರುತು ಸಿಗಲೆಂದು ಆ ಏರ್ಪಾಡು. ೧೯೦೮ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾದ ಮೇಲೆ ಈ ಅಗತ್ಯವು ತಪ್ಪಿತು. ಶಾಸನದ ಕೊನೆಯಲ್ಲಿ ಬರೆದವನ ಹೆಸರು ಇರುವಂತೆ ಇದು ಕಾಲನಿರ್ಣಯಕ್ಕೆ ಒಂದು ಸುಳಿವು. ಆದರೆ ಕೆಲವರು ಅಭ್ಯಾಸಬಲದಿಂದ ಮುಂದೆಯೂ ಹೆಸರು ಹೇಳಿರುವುದರಿಂದ ಇದೊಂದನ್ನೇ ನಂಬತಕ್ಕದ್ದಲ್ಲ.

ಹಳೆಯ ತಟ್ಟೆಯ ಮುಖ್ಯ ದ್ರವ್ಯವು ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಕೀಟವು ಸ್ರವಿಸುವ ಈ ವಸ್ತುವಿಗೆ ಭಾರತವೇ ತವರು. ತಟ್ಟೆಯಲ್ಲಿ ಅರಗಿನ ಪಾಲು ಕಾಲು ಭಾಗದ ಆಸುಪಾಸು. ಉಳಿದುದು ಕಲ್ಲಿನ ನುಣ್ಣನೆಯ ಹುಡಿ, ಕಾಡಿಗೆ, ಹತ್ತಿಯ ಎಳೆ. ಕಲ್ಲಿನ ಹುಡಿಯನ್ನು ಬೆರೆಸಿದುದಕ್ಕೆ ಕಾರಣವುಂಟು. ಉಕ್ಕಿನ ಮುಳ್ಳು ತೋಡಿನಲ್ಲಿ ಓಡುವಾಗ ಆ ಹುಡಿಯೇ ಅದರ ತುದಿಯನ್ನು ತೇದು ತೋಡಿನ ಆಕಾರಕ್ಕೆ ತರುತ್ತಿದ್ದಿತು. ಆದಕಾರಣವೇ ಒಂದು ಮುಖಕ್ಕೆ ಒಂದು ಮುಳ್ಳು ಎಂಬ ನಿಯಮ. ಮುಳ್ಳಿಗೆ ಖರ್ಚಾಗುತ್ತದೆಂದು ಅದೊಂದನ್ನೇ ಹತ್ತು ಸಲ ಬಳಸಿದ ಮನೆಗಳ ತಟ್ಟೆಗಳಲ್ಲಿ ತೋಡು ಬೂದಿಬಣ್ಣಕ್ಕೆ ತಿರುಗಿರುವುದನ್ನು ಇಂದಿಗೂ ಕಾಣಬಹುದು. ಎರಡನೆಯ ಮಹಾಯುದ್ಧದಲ್ಲಿ ಅರಗು ದುರ್ಲಭವಾಗಿ, ೧೯೪೨ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಮಿತಿ ಬಿದ್ದಿತು. ಹಳೆಯ ತಟ್ಟೆಗಳನ್ನು ಹಿಂದಕ್ಕೆ ಪಡೆದು ಪುಡಿಮಾಡಿ ಹೊಸದಕ್ಕೆ ಬೆರೆಸುವ ಕ್ರಮವೂ ನಡೆಯಿತು. ಹೊಸ ಗ್ರಂಥವನ್ನು ಬರೆಯಲು ಹಳೆಯ ಓಲೆಯನ್ನು ಕೆರೆದುಹಾಕಿದಂತೆ ಇದೂ ಒಂದು ಬಗೆಯ ನಷ್ಟ.

ಹತ್ತಂಗುಲದ ತಟ್ಟೆಯ ಒಂದು ಮುಖವು ಮೂರು ನಿಮಿಷಕ್ಕಿಂತ ತುಸು ಹೆಚ್ಚು ನುಡಿಯುತ್ತದೆ. ಹನ್ನೆರಡಂಗುಲದ್ದು ನಾಲ್ಕು ನಾಲ್ಕೂವರೆ ನಿಮಿಷ. ೧೯೨೫ಕ್ಕೆ ಮುಂಚಿನ ಮುದ್ರಣವು ಕೇವಲ ತುತ್ತೂರಿಯಾಕಾರದ ಕೊಳವೆಯ ಮೂಲಕ ನಡೆಯುತ್ತಿದ್ದಿತು. ಆ ವರ್ಷ ವಿದ್ಯುತ್ತಿನಿಂದ ಮುದ್ರಿಸುವ ಕ್ರಮವು ಪಾಶ್ಚಾತ್ಯ ದೇಶಗಳಲ್ಲಿ ಬಳಕೆಗೆ ಬಂದು ಕೆಲವು ಕಾಲದೊಳಗೆ ಭಾರತಕ್ಕೂ ಹರಡಿತು. ಈ ಎರಡು ಯುಗಗಳ ಭೇದವು ಸಾಹಿತ್ಯಾಭ್ಯಾಸಿಗೆ ಬಹು ಮುಖ್ಯವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

೪

ಮುದ್ರಿಕೆಯನ್ನು ಓದುವ ಕ್ರಮವು ಶಾಸನವನ್ನು ಓದುವ ಕ್ರಮದಂತೆಯೇ ಬಾಹ್ಯಸಾಕ್ಷ್ಯದಿಂದ ಆರಂಭವಾಗಬೇಕು. ನಡುವಿನ ಕಾಗದದ ಮೇಲೆ ಕಂಪನಿಯ ಮುದ್ರೆ, ಗಾಯಕರ ಹೆಸರು, ರಾಗ, ಭಾಷೆ, ಪಟ್ಟಿಯ ಸಂಖ್ಯೆ ಇರುತ್ತವೆ. ಈ ಕಾಗದವು ಮಾರಾಟಕ್ಕಾಗಿ ಅಚ್ಚಾದುದು, ಮರುಮುದ್ರಣದಲ್ಲಿ ಬದಲಾಗಬಹುದು. ಕಾಗದಕ್ಕೂ ತೋಡಿಗೂ ನಡುವಣ ನುಣುಪಾದ ವಲಯದಲ್ಲಿ ಒತ್ತಿರುವ ಅಂಕವಾದರೋ ಮೂಲಪ್ರತಿಯ ಅಂಕ. ಅದು ಮುದ್ರಣದ ದಿನಕ್ಕೆ ಸಂಬಂಧಿಸಿದುದರಿಂದ ಹೆಚ್ಚು ವಿಶ್ವಾಸಾರ್ಹ. ದೀಪವನ್ನು ಓರೆಯಾಗಿ ಹಿಡಿದರೆ, ಸವೆದ ಶಾಸನಾಕ್ಷರಗಳಂತೆ, ಇದು ಓದಿಗೆ ಸಿಕ್ಕುತ್ತದೆ. ಎರಡು ತಟ್ಟೆಗಳ ಮೂಲಾಂಕಗಳು ಒಂದರ ಹಿಂದೆ ಒಂದಾಗಿದ್ದರೆ ಅವು ಒಂದೇ ಕೂಟದಲ್ಲಿ ಮುದ್ರಿತವಾದುವೆಂದು ಊಹಿಸಬಹುದು. ಪಕ್ಕವಾದ್ಯದವರ ಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದಾಗ ಇದರಿಂದ ಪ್ರಯೋಜನವುಂಟು. ಮೈಕೇಲ್ ಕಿನ್ನಿಯರ್ ಅವರು ೧೯೦೮ರವರೆಗಿನ ಭಾರತೀಯ ಮುದ್ರಿಕೆಗಳ ಪಟ್ಟಿಯನ್ನು ಸಿದ್ಧಪಡಿಸಿ ೧೯೯೪ರಲ್ಲಿ ಪ್ರಕಟಿಸಿದರು. ಶಾಸನ ಸಂಪುಟಗಳ ಹಾಗೆ ಇಂಥ ಪಟ್ಟಿಯು ಮುಂದಿನ ವಿಮರ್ಶೆಗೆಲ್ಲ ತಳಹದಿ.

ಹೆಸರಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಗಂಗೂಬಾಯಿ ಹಾನಗಲ್ಲರ ೧೯೩೦ರ ದಶಕದ ಮೊದಲ ಎಚ್.ಎಂ.ವಿ. ಮುದ್ರಿಕೆಗಳಲ್ಲಿ ಹೆಸರು ‘ಗಾಂಧಾರಿ ಹಾನಗಲ್’ ಎಂದಿದೆ. ಇದನ್ನರಿಯದೆ ಪಟ್ಟಿ ಮಾಡುವವನು ಒಬ್ಬರನ್ನು ಇಬ್ಬರಾಗಿ ಎಣಿಸಿಯಾನು. ಕಿವಿಯೂ ಅವನಿಗೆ ನೆರವಾಗದು. ಏಕೆಂದರೆ ಆ ತಟ್ಟೆಗಳಲ್ಲಿ ಕೇಳುವುದು ಎತ್ತರದ, ತೆಳುವಾದ ಸ್ತ್ರೀಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ತರುವಾಯ ಅವರ ಕಂಠವು ತಗ್ಗಿ, ಗಂಡುದನಿಯ ಗಾಂಭೀರ್ಯವನ್ನು ಪಡೆಯಿತು. ೨೦೦೯ರಲ್ಲಿ ಅವರು ನಿಧನರಾಗುವವರೆಗೂ ನಾಡು ಬಲ್ಲುದು ಈ ಎರಡನೆಯ ಕಂಠವನ್ನು. ಮೊದಲನೆಯದಕ್ಕೆ ಅರಗಿನ ತಟ್ಟೆಗಳೇ ಆಧಾರ.

ಆದರೆ ಹೀಗೆ ನಿರ್ಣಯಿಸುವ ಮುನ್ನ ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ತಟ್ಟೆಯನ್ನು ಬೇಗ ತಿರುಗಿಸಿದರೆ ಯಾರ ಕಂಠವಾದರೂ ಎತ್ತರವಾಗಿ ಕೇಳುವುದಲ್ಲವೆ? ಹಳೆಯ ತಟ್ಟೆಗಳಿಗೆ ನಿಮಿಷಕ್ಕೆ ೭೮ ಸುತ್ತು ಎನ್ನುವುದು ರೂಢಿಯಾದರೂ ಕೊಳವೆಯ ಯುಗದಲ್ಲಿ ಅದು ಎಲ್ಲೆಡೆಯೂ ಸ್ಥಿರವಾಗಿರಲಿಲ್ಲ. ೭೪ ಸುತ್ತಿನಲ್ಲಿ ಮುದ್ರಿತವಾದುದನ್ನು ೭೮ರಲ್ಲಿ ನುಡಿಸಿದರೆ ಸ್ವರವು ನೂರಕ್ಕೆ ಐದಕ್ಕಿಂತ ತುಸು ಹೆಚ್ಚಾಗಿ ಏರುತ್ತದೆ. ಅರ್ಧಸ್ವರದ ಅಂತರವೆಂದರೆ ನೂರಕ್ಕೆ ಸುಮಾರು ಆರು. ಎಂದಮೇಲೆ ಗಾಯಕನ ಆಧಾರಷಡ್ಜವೇ ಹೆಚ್ಚುಕಡಮೆ ಒಂದು ಮನೆ ಮೇಲಕ್ಕೆ ಸರಿದಂತಾಯಿತು, ಲಯವೂ ಅದೇ ಪ್ರಮಾಣದಲ್ಲಿ ತ್ವರಿತವಾಯಿತು. ಗಾಂಧಾರಿ ಹಾನಗಲ್ ಎಂಬ ಹೆಸರಿನ ತಟ್ಟೆಗಳಾದರೋ ವಿದ್ಯುನ್ಮುದ್ರಣದ ಕಾಲದವು. ಆಗ್ಗೆ ವೇಗವು ಬಹುಮಟ್ಟಿಗೆ ೭೮ಕ್ಕೆ ನೆಲೆಗೊಂಡಿದ್ದಿತು. ಅಲ್ಲದೆ ಎರಡು ಕಂಠಗಳ ಅಂತರವು ಅರ್ಧಸ್ವರದಿಂದ ವಿವರಿಸುವಷ್ಟು ಅಲ್ಪವಲ್ಲ. ಅಷ್ಟು ಅಂತರವನ್ನು ವೇಗದಿಂದ ತರಬೇಕಾದರೆ ತಬಲೆಯ ನಾದವೂ ವಿಕಾರವಾಗಿ ಕೇಳಬೇಕಾಗಿದ್ದಿತು. ಆದುದರಿಂದ ಕಂಠಭೇದವು ನಿಜವೆಂಬುದು ಸಿದ್ಧವಾಗುತ್ತದೆ. ಕೊಳವೆಯ ಯುಗದ ಮುದ್ರಿಕೆಯನ್ನು ಹಿಡಿದು ಯಾವ ಗಾಯಕನ ಶ್ರುತಿಯನ್ನಾಗಲಿ ಲಯವನ್ನಾಗಲಿ ಹೇಳುವವರು ಮೊದಲು ಈ ಪರೀಕ್ಷೆಯನ್ನು ಮಾಡತಕ್ಕದ್ದು.

ಸಾಹಿತ್ಯಾಧ್ಯಾಪಕರಿಗೆ ಇದಕ್ಕಿಂತ ಸಮೀಪವಾದ ಎರಡು ಪ್ರಶ್ನೆಗಳಿವೆ. ಮೊದಲನೆಯದು ಪಾಠದ ಪ್ರಶ್ನೆ. ನಾಟಕದ ಪುಸ್ತಕದಲ್ಲಿ ಮೂರು ಚರಣಗಳಿದ್ದು ತಟ್ಟೆಯಲ್ಲಿ ಒಂದೇ ಇದ್ದರೆ ಉಳಿದೆರಡು ಪ್ರಕ್ಷಿಪ್ತವೆಂದು ಹೇಳಲಾಗದು. ಮೂರು ನಿಮಿಷದ ಮಿತಿಯೇ ಚರಣಗಳನ್ನು ಕತ್ತರಿಸಿದೆ. ತಟ್ಟೆಯಲ್ಲಿ ಇಲ್ಲದಿರುವುದು ಸಾಕ್ಷ್ಯವಲ್ಲ. ಇರುವುದು ಮಾತ್ರ ಸಾಕ್ಷ್ಯ. ಪುಸ್ತಕದಲ್ಲಿಲ್ಲದ ಶಬ್ದವೊಂದು ತಟ್ಟೆಯಲ್ಲಿ ಕೇಳಿದರೆ ಅದಕ್ಕೆ ಪಾಠಾಂತರದ ಬೆಲೆ ಉಂಟು. ಪುಸ್ತಕದಲ್ಲಿ ಮಾತ್ರೆ ತಪ್ಪಿದಂತೆ ಕಾಣುವ ಸಾಲು ಗಾಯನದಲ್ಲಿ ಒಂದು ಅಕ್ಷರದ ಎಳೆತದಿಂದ ಸರಿಹೋಗುವುದೂ ಉಂಟು.

ಎರಡನೆಯದು ಉಚ್ಚಾರಣೆಯ ಪ್ರಶ್ನೆ. ಕೊಳವೆಯ ಯಂತ್ರವು ಸುಮಾರು ೨೫೦ರಿಂದ ೨೫೦೦ ಆವರ್ತದವರೆಗಿನ ನಾದವನ್ನು ಮಾತ್ರ ಹಿಡಿಯುತ್ತಿದ್ದಿತು. ವಿದ್ಯುನ್ಮುದ್ರಣವು ಸುಮಾರು ೧೦೦ರಿಂದ ೫೦೦೦ದವರೆಗೆ ಹಿಡಿಯಿತು. ಸಕಾರ ಶಕಾರಗಳ ಭೇದವನ್ನು ತೋರಿಸುವ ಉಸುರು ಬಹುಪಾಲು ೨೫೦೦ಕ್ಕಿಂತ ಮೇಲಿನದು. ಆದುದರಿಂದ ೧೯೨೫ಕ್ಕೆ ಹಿಂದಿನ ತಟ್ಟೆಯಲ್ಲಿ ‘ಶಿವ’ ಎಂಬುದು ‘ಸಿವ’ ಎಂದು ಕೇಳಿದರೆ ಗಾಯಕನು ಹಾಗೆ ಉಚ್ಚರಿಸಿದನೆಂದು ತೀರ್ಮಾನಿಸುವುದು ಸಾಹಸವಾಗುತ್ತದೆ. ಉತ್ತರ ಕರ್ನಾಟಕದ ನಟರ ಉಚ್ಚಾರಣೆಯ ಮೇಲೆ ಸಿದ್ಧಾಂತ ಕಟ್ಟುವವರು ವಿದ್ಯುನ್ಮುದ್ರಣದ ತಟ್ಟೆಗಳನ್ನೇ ಅವಲಂಬಿಸುವುದು ಯುಕ್ತ. ಯಂತ್ರದ ದೋಷವನ್ನು ಮನುಷ್ಯನ ಮೇಲೆ ಹೊರಿಸಬಾರದು.

೫

೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ೩೩⅓ ಸುತ್ತಿನ ದೀರ್ಘಮುದ್ರಿಕೆಯನ್ನು ಹೊರತಂದಿತು. ಇದರ ದ್ರವ್ಯವು ವಿನೈಲ್ ಎಂಬ ಕೃತಕ ರಾಳ, ತೋಡು ಸೂಕ್ಷ್ಮ, ಒಂದು ಮುಖದ ಕಾಲ ಇಪ್ಪತ್ತು ನಿಮಿಷಕ್ಕೆ ಮೇಲ್ಪಟ್ಟುದು. ಈ ಕಾಲವಿಸ್ತಾರವು ಕಲೆಯ ಸ್ವರೂಪವನ್ನೇ ಬದಲಿಸಿತೆಂಬುದಕ್ಕೆ ಎರಡು ದೂರದೂರದ ನಿದರ್ಶನಗಳುಂಟು. ಇಂಗ್ಲೆಂಡಿನಲ್ಲಿ ೧೯೬೦ರ ದಶಕದ ಕೊನೆಯಿಂದ ಬೆಳೆದ ‘ಪ್ರೊಗ್ರೆಸಿವ್ ರಾಕ್’ ಎಂಬ ಸಂಪ್ರದಾಯದವರು ಮೂರು ನಿಮಿಷದ ಹಾಡನ್ನು ತೊರೆದು ತಟ್ಟೆಯ ಇಡಿಯ ಮುಖವನ್ನು ಒಂದೇ ರಚನೆಯಿಂದ ತುಂಬಿದರು. ೧೯೭೨ರಲ್ಲಿ ‘ಯೆಸ್’ ಎಂಬ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಮೊದಲ ಮುಖವನ್ನೆಲ್ಲ ವ್ಯಾಪಿಸಿತು; ಅದೇ ವರ್ಷ ‘ಜೆಥ್ರೊ ಟಲ್’ ತಂಡದ ‘ಥಿಕ್ ಆ್ಯಸ್ ಎ ಬ್ರಿಕ್’ ಎರಡೂ ಮುಖಗಳ ಮೇಲೆ ಹರಿದ ಒಂದೇ ಕೃತಿಯಾಗಿ ಬಂದಿತು, ಅದರ ಹೊದಿಕೆಯು ಹನ್ನೆರಡು ಪುಟದ ವೃತ್ತಪತ್ರಿಕೆಯ ರೂಪದಲ್ಲಿದ್ದಿತು. ಅದೇ ದಶಕಗಳಲ್ಲಿ ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲ, ಕುಮಾರ ಗಂಧರ್ವ ಇವರ ವಿಲಂಬಿತ ಖಯಾಲುಗಳು ದೀರ್ಘಮುದ್ರಿಕೆಯಲ್ಲಿ ಮೊದಲ ಸಲ ತಕ್ಕ ಅವಕಾಶವನ್ನು ಪಡೆದುವು. ಆ ತಂಡಗಳಿಗೆ ದೀರ್ಘಕಾಲವು ಹೊಸದಾಗಿ ದೊರೆತ ಸ್ವಾತಂತ್ರ್ಯ. ಖಯಾಲಿಗೆ ಅದು ಮೂರು ನಿಮಿಷದ ತಟ್ಟೆಯು ಕಸಿದುಕೊಂಡಿದ್ದ ಸ್ವತ್ತಿನ ಮರುಪ್ರಾಪ್ತಿ.

ಪಾಶ್ಚಾತ್ಯ ಸಂಗ್ರಾಹಕರು ಇಂಥ ತಟ್ಟೆಗಳಿಗೆ ಬೆಲೆ ಕಟ್ಟುವಾಗ ಮೊದಲ ಮುದ್ರಣವೆ, ಹೊದಿಕೆ ಒಳಗಣ ಹಾಳೆಗಳು ಸಮಗ್ರವಾಗಿವೆಯೆ ಎಂದು ಬಹು ಸೂಕ್ಷ್ಮವಾಗಿ ಪರೀಕ್ಷಿಸುತ್ತಾರೆ. ಕನ್ನಡಿಗರು ಈ ಶಿಸ್ತನ್ನು ಅವರಿಂದ ಕಲಿಯತಕ್ಕದ್ದು. ಹೊದಿಕೆಯ ಹಿಂಬದಿಯಲ್ಲಿ ರಾಗ, ತಾಳ, ಪಕ್ಕವಾದ್ಯದವರ ಹೆಸರು, ಗುರುಪರಂಪರೆ ಇವು ಅಚ್ಚಾಗಿರುತ್ತವೆ. ಹರಿದಿದೆಯೆಂದು ಹೊದಿಕೆಯನ್ನು ಎಸೆದು ತಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವುದು, ಪೀಠಿಕೆಯನ್ನೂ ಮುಖಪತ್ರವನ್ನೂ ಕಿತ್ತ ಗ್ರಂಥವನ್ನು ಕಾಪಾಡಿದಂತಾಗುತ್ತದೆ.

೬

ಇನ್ನು ಸಂರಕ್ಷಣೆಯ ವಿಚಾರ. ಇದರಲ್ಲಿ ಮೊದಲ ವಿಧಿಯು ಅರಗನ್ನೂ ವಿನೈಲನ್ನೂ ಗುರುತಿಸುವುದು. ಅರಗಿನ ತಟ್ಟೆ ತೂಕವಾದುದು, ಬಿದ್ದರೆ ಹೆಂಚಿನಂತೆ ಒಡೆಯುತ್ತದೆ; ವಿನೈಲ್ ಹಗುರ, ಬಾಗುತ್ತದೆ. ಈ ಭೇದವನ್ನು ಮರೆತು ಮಾಡುವ ದೊಡ್ಡ ತಪ್ಪೆಂದರೆ ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರಸುವುದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ಮರಕ್ಕೆ ಹೊಳಪು ಕೊಡುವ ಬಡಗಿಯು ಅರಗನ್ನು ಕರಗಿಸಿಕೊಳ್ಳುವುದು ಅದರಲ್ಲಿಯೇ. ಒಂದು ಸಲ ಹಾಗೆ ಒರಸಿದರೆ ತೋಡಿನ ಗೋಡೆಯೇ ಅಳಿಸಿಹೋಗುತ್ತದೆ. ಅರಗಿನ ತಟ್ಟೆಗೆ ಬಟ್ಟಿಯಿಳಿಸಿದ ನೀರು, ಅದರಲ್ಲಿ ಕೆಲವೇ ಹನಿ ಮೃದುವಾದ ಸಾಬೂನಿನ ದ್ರವ, ಮೆತ್ತನೆಯ ಬ್ರಶ್ಶು ಇಷ್ಟು ಸಾಕು. ತೋಡಿನ ದಿಕ್ಕಿನಲ್ಲಿಯೇ ಉಜ್ಜಬೇಕು. ನಡುವಿನ ಕಾಗದಕ್ಕೆ ನೀರು ತಾಗಬಾರದು. ಶುದ್ಧವಾದ ನೀರಿನಿಂದ ತೊಳೆದು ನೆರಳಿನಲ್ಲಿ ನಿಲ್ಲಿಸಿ ಒಣಗಿಸಬೇಕು. ಬಿರುಕು ಬಿಟ್ಟ ತಟ್ಟೆಗೆ ನೀರನ್ನೇ ತಾಗಿಸಬಾರದು, ಬಿರುಕಿನ ಮೂಲಕ ಅದು ಒಳಗಣ ಹತ್ತಿಯ ಎಳೆಗೆ ಇಳಿಯುತ್ತದೆ. ವಿನೈಲಿಗೂ ಇದೇ ಕ್ರಮ ಸಲ್ಲುತ್ತದೆ. ಅದರ ವಿಶೇಷ ಶತ್ರುವೆಂದರೆ ಉಜ್ಜಿದಾಗ ಹುಟ್ಟುವ ವಿದ್ಯುತ್ತು ಮತ್ತು ಅದು ಸೆಳೆಯುವ ಧೂಳು. 

ಈ ಸೀಮೆಯಲ್ಲಿ ಧೂಳು ಒಂದೇ ಬಗೆಯದಲ್ಲ. ಅಥಣಿಯ ಕಡೆ ಎರೆಮಣ್ಣಿನ ಹುಡಿ. ನಿಪ್ಪಾಣಿಯ ವಖಾರಿಗಳ ಸುತ್ತ ತಂಬಾಕಿನ ಹುಡಿ. ಕಬ್ಬಿನ ಹಂಗಾಮಿನಲ್ಲಿ ಗಾಣಗಳ ಮಸಿ. ಮಸಿಯು ಜಿಡ್ಡಾದುದರಿಂದ ಒಣ ಬಟ್ಟೆಯಿಂದ ಒರಸಿದರೆ ತೋಡಿನೊಳಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಹೊದಿಕೆಯೇ ಮೊದಲ ರಕ್ಷೆ. ಒಳಗೆ ಆಮ್ಲವಿಲ್ಲದ ಕಾಗದದ ಅಥವಾ ಪಾಲಿಥೀನಿನ ಚೀಲವಿರಬೇಕು, ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಚೀಲವು ಕಾಲಕ್ರಮದಲ್ಲಿ ಎಣ್ಣೆಯಂಥ ದ್ರವವನ್ನು ಬಿಟ್ಟು ವಿನೈಲನ್ನು ಕೆಡಿಸುತ್ತದೆ. ಅಂಗಡಿಯ ಹೆಸರು ಅಚ್ಚಾದ ಹಳೆಯ ಕಾಗದದ ಚೀಲವು ಸಿಕ್ಕಿದರೆ ಅದನ್ನೂ ಎಸೆಯದೆ ಬೇರೆಯಾಗಿ ಇಟ್ಟು ಅಂಕವನ್ನು ಬರೆದಿಡಬೇಕು. ತಟ್ಟೆಯು ಯಾವ ಊರಿನಿಂದ ಬಂದಿತೆಂಬುದಕ್ಕೆ ಅದು ಆಧಾರ.

ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ ಇಡಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಒಡೆಯುತ್ತವೆ. ಓರೆಯಾಗಿ ಒರಗಿಸಿದರೆ ಬೇಸಿಗೆಯಲ್ಲಿ ಬಾಗುತ್ತವೆ. ಹತ್ತಂಗುಲದ ನೂರು ತಟ್ಟೆಗಳು ಸುಮಾರು ಇಪ್ಪತ್ತು ಕಿಲೋ ತೂಗುವುದರಿಂದ ಕಪಾಟಿನ ಹಲಗೆ ಗಟ್ಟಿಯಾಗಿರಬೇಕು. ಗ್ರಂಥಭಂಡಾರಗಳಿಗೆ ೧೮ರಿಂದ ೨೧ ಡಿಗ್ರಿ ಉಷ್ಣತೆಯನ್ನೂ ನೂರಕ್ಕೆ ೪೦ರಿಂದ ೫೦ರ ಆರ್ದ್ರತೆಯನ್ನೂ ತಜ್ಞರು ಹೇಳುತ್ತಾರೆ. ಮನೆಗಳಲ್ಲಿ ಇದು ಸಾಧ್ಯವಾಗದಿದ್ದರೂ ಏರಿಳಿತವನ್ನು ಕಡಮೆ ಮಾಡುವುದು ಸಾಧ್ಯ: ಪಡುವಣ ಗೋಡೆಯನ್ನು ಬಿಟ್ಟು, ತಗಡಿನ ಮಾಡಿನ ಕೆಳಗೆ ಇಡದೆ, ದಪ್ಪ ಮಣ್ಣಿನ ಗೋಡೆಯ ನಡುಕೋಣೆಯಲ್ಲಿ ಇಟ್ಟರೆ ಅರ್ಧ ಕೆಲಸವಾದಂತೆ. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು, ಉಳಿದ ಕಾಲದಲ್ಲಿ ಗೆದ್ದಲು. ತಿಂಗಳಿಗೊಮ್ಮೆ ತೆಗೆದು ನೋಡುವುದೇ ಎರಡಕ್ಕೂ ಮದ್ದು.

ಈ ಐದು ತಾಲ್ಲೂಕುಗಳಿಗೆ ಇವೆಲ್ಲಕ್ಕೂ ಮಿಗಿಲಾದ ಭಯವೊಂದಿದೆ. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ದಡದ ಊರುಗಳು ಮುಳುಗಿದುವು. ನದೀತೀರದ ಮನೆಯಲ್ಲಿ ಸಂಗ್ರಹವನ್ನು ನೆಲದ ಮೇಲಿನ ಪೆಟ್ಟಿಗೆಯಲ್ಲಿ ಇಡುವುದು ಅವಿವೇಕ. ನೀರಿನಲ್ಲಿ ನೆನೆದ ತಟ್ಟೆಗಳು ದೊರೆತರೆ ಅವನ್ನು ಬಿಸಿಲಿಗೆ ಹಾಕಬಾರದು. ಕೆಸರು ಒಣಗುವ ಮೊದಲೇ ಶುದ್ಧವಾದ ನೀರಿನಲ್ಲಿ ಅದ್ದಿ ತೆಗೆದು, ಚೀಲವು ಅಂಟಿಕೊಂಡಿದ್ದರೆ ಎಳೆಯದೆ ತೇವದಲ್ಲಿಯೇ ಮೆಲ್ಲನೆ ಬಿಡಿಸಿ, ಗಾಳಿಯಾಡುವ ನೆರಳಿನಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಬೇಕು. ನಡುವಿನ ಕಾಗದವು ಕಳಚುವಂತಿದ್ದರೆ ಕೂಡಲೆ ಅದರ ಚಿತ್ರವನ್ನು ತೆಗೆದುಕೊಳ್ಳಬೇಕು. ಕಾಗದ ಹೋದರೂ ಮೂಲಾಂಕವು ಉಳಿದಿರುತ್ತದೆ. ಅದನ್ನು ಹಿಡಿದು ಹೆಸರನ್ನು ಮತ್ತೆ ಪಡೆಯಬಹುದು.

ನುಡಿಸುವುದರಲ್ಲಿಯೂ ವಿವೇಕ ಬೇಕು. ಅರಗಿನ ತೋಡಿಗೆ ಒಂದು ಅಂಗುಲದ ಸಾವಿರದಲ್ಲಿ ಮೂರು ಭಾಗದಷ್ಟು ತುದಿಯುಳ್ಳ ಮುಳ್ಳೂ, ದೀರ್ಘಮುದ್ರಿಕೆಗೆ ಒಂದು ಭಾಗದ ಅಥವಾ ಅದಕ್ಕೂ ಸಣ್ಣ ತುದಿಯ ಮುಳ್ಳೂ ತಕ್ಕುವು. ಸಣ್ಣ ಮುಳ್ಳು ಅಗಲವಾದ ತೋಡಿನ ತಳದಲ್ಲಿ ಉರುಳಾಡಿ ಕಸದ ಸದ್ದನ್ನೇ ಎತ್ತುತ್ತದೆ. ದೊಡ್ಡ ಮುಳ್ಳು ಸೂಕ್ಷ್ಮವಾದ ತೋಡನ್ನು ಸೀಳುತ್ತದೆ. ಹಳೆಯ ಯಂತ್ರದ ತಲೆಯು ತಟ್ಟೆಯ ಮೇಲೆ ನೂರು ಗ್ರಾಮಿಗೂ ಹೆಚ್ಚಿನ ಭಾರ ಹೇರುತ್ತದೆ. ಈಗಿನ ಸಾಧನಗಳಲ್ಲಿ ಅದು ಕೆಲವೇ ಗ್ರಾಮು. ಹಿತ್ತಾಳೆಯ ತುತ್ತೂರಿಯ ಯಂತ್ರವು ನೋಡಲು ಚೆಂದ, ಪ್ರದರ್ಶನಕ್ಕೆ ಯೋಗ್ಯ. ಆದರೆ ಒಂದೇ ಪ್ರತಿ ಉಳಿದಿರುವ ಕನ್ನಡ ರಂಗಗೀತೆಯನ್ನು ಅತಿಥಿಗಳ ಸಂತೋಷಕ್ಕಾಗಿ ಅದರ ಮೇಲೆ ನುಡಿಸುವುದು ಆ ಗೀತೆಯನ್ನು ತೇದುಹಾಕುವ ದಾರಿ.

೭

ಸಂಗ್ರಹವೆಂಬುದು ರಾಶಿಯಲ್ಲ. ಗುಜರಿಯ ಅಂಗಡಿಯಿಂದ ತಂದ ನೂರು ತಟ್ಟೆಗಳಿಗಿಂತ, ಒಂದು ಮನೆಯಲ್ಲಿ ಒಟ್ಟಿಗೆ ಉಳಿದ ಇಪ್ಪತ್ತು ತಟ್ಟೆಗಳು ಸಂಶೋಧಕನಿಗೆ ಹೆಚ್ಚು ಹೇಳುತ್ತವೆ. ಏಕೆಂದರೆ ಅವು ಆ ಮನೆಯವರ ಅಭಿರುಚಿಯನ್ನೂ ಆ ಊರಿಗೆ ಬರುತ್ತಿದ್ದ ಸಂಗೀತವನ್ನೂ ಒಟ್ಟಾಗಿ ತೋರಿಸುತ್ತವೆ. ಅಂಥ ಕಟ್ಟನ್ನು ಬಿಡಿಸಿ ಮಾರಿದರೆ ತಟ್ಟೆಗಳು ಉಳಿಯಬಹುದು, ಸಾಕ್ಷ್ಯ ಅಳಿಯುತ್ತದೆ. ಆದ್ದರಿಂದ ಪ್ರತಿ ತಟ್ಟೆಗೂ ದೊರೆತ ಊರು, ವರ್ಷ, ಪಟ್ಟಿಯ ಸಂಖ್ಯೆ, ಮೂಲಾಂಕ, ತಟ್ಟೆಯ ಸ್ಥಿತಿ ಇವನ್ನು ಒಂದು ದಫ್ತರದಲ್ಲಿ ಬರೆದಿಡಬೇಕು.

ಬಳಿಕ ಪ್ರತಿಮಾಡುವ ಕೆಲಸ. ಸಂಖ್ಯಾರೂಪದ ಪ್ರತಿಯನ್ನು ಮೊದಲು ಯಾವ ಸಂಸ್ಕಾರವೂ ಇಲ್ಲದೆ, ಕರಕರ ಸದ್ದಿನೊಡನೆಯೇ, ಸಂಕೋಚಿಸದೆ ತೆಗೆಯಬೇಕು. ಕ್ಷಣಕ್ಕೆ ೯೬,೦೦೦ ಮಾದರಿಗಳೂ ೨೪ ಬಿಟ್ಟುಗಳೂ ಇದ್ದರೆ ಉತ್ತಮ. ಸದ್ದನ್ನು ಕಳೆದು ಇಂಪುಗೊಳಿಸಿದ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳಬಹುದು. ಮೊದಲನೆಯದು ಶಾಸನದ ಅಚ್ಚು, ಎರಡನೆಯದು ಸಂಪಾದಕನ ಪಾಠ. ಅಚ್ಚನ್ನು ನಾಶಮಾಡಿ ಪಾಠವನ್ನು ಮಾತ್ರ ಉಳಿಸಿದರೆ ಮುಂದಿನವರಿಗೆ ತಿದ್ದುವ ದಾರಿಯೇ ಇಲ್ಲದಂತಾಗುತ್ತದೆ. ಭಾರತದ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ ನಡೆಯುತ್ತದೆ. ಆದುದರಿಂದ ಅರಗಿನ ಯುಗದ ಬಹುಭಾಗವು ಈಗ ಸಾರ್ವಜನಿಕ ಸ್ವತ್ತು. ಹಾಡಿನ ಸಾಹಿತ್ಯದ ಹಕ್ಕು ಮಾತ್ರ ಕವಿಯ ನಿಧನದಿಂದ ಎಣಿಕೆಯಾಗುವುದರಿಂದ ಅದನ್ನು ಬೇರೆಯಾಗಿ ವಿಚಾರಿಸಬೇಕು.

ಈ ಕಾರ್ಯಕ್ಕೆ ಮೇಲ್ಪಂಕ್ತಿ ಇಲ್ಲದಿಲ್ಲ. ೧೯೮೨ರಲ್ಲಿ ಸ್ಥಾಪಿತವಾದ, ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ದಾಖಲೆಕೇಂದ್ರವೂ, ೧೯೯೦ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ಮುದ್ರಿಕಾಸಂಗ್ರಾಹಕರ ಸಂಘವೂ ದಾರಿ ತೋರಿಸಿವೆ. ಗಡಿಯ ಸೀಮೆಯಲ್ಲಿ ಆಗಬೇಕಾದುದು ಇದಕ್ಕಿಂತ ಚಿಕ್ಕದು, ಆದರೆ ಮೊದಲಿನದು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ, ಅವರವರ ಊರಿನ ವಾಡೆಗಳಲ್ಲಿಯೂ ಹಳೆಯ ಅಂಗಡಿಗಳಲ್ಲಿಯೂ ಇರುವ ತಟ್ಟೆಗಳ ಪಟ್ಟಿಯನ್ನು ಮಾಡಿಸಿದರೆ ಎರಡು ಮೂರು ವರ್ಷಗಳಲ್ಲಿ ಒಂದು ಸೂಚಿ ಸಿದ್ಧವಾಗುತ್ತದೆ. ತಟ್ಟೆಯನ್ನು ಯಾರಿಂದಲೂ ಕಿತ್ತುಕೊಳ್ಳಬೇಕಾಗಿಲ್ಲ. ಅಂಕವನ್ನು ಬರೆದುಕೊಂಡು ಚಿತ್ರವನ್ನು ತೆಗೆದರೆ ಸಾಕು.

ನಿಪ್ಪಾಣಿಗೆ ನೆರೆಯಾದ ಕೊಲ್ಹಾಪುರದಲ್ಲಿ ಚಿತ್ರಿತವಾಗಿ ೧೯೩೪ರಲ್ಲಿ ತೆರೆಗೆ ಬಂದ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಉಳಿದಿಲ್ಲ. ತೊಂಬತ್ತು ವರ್ಷಗಳು ತುಂಬುವ ಮೊದಲೇ ಅದು ಕಣ್ಮರೆಯಾಯಿತು. ಅದೇ ಕಾಲದ ಅರಗಿನ ತಟ್ಟೆಗಳು ಇನ್ನೂ ಅಟ್ಟಗಳಲ್ಲಿ ಇವೆ. ಸಾವಿರ ವರ್ಷದ ಶಾಸನವು ಇನ್ನೊಂದು ವರ್ಷ ಕಾದೀತು. ಈ ತಟ್ಟೆಗಳು ಮುಂದಿನ ಮಳೆಗಾಲಕ್ಕೆ ಕಾಯುವುವೆಂಬ ಭರವಸೆಯಿಲ್ಲ.